ಹಿಟ್ಲರ್ ಕಾಲದ ಬರ್ಲಿನ್‌ನಲ್ಲಿ ಹುಡುಗರ ಪಾದ್ರಿ: ಡೀಟ್ರಿಕ್ ಬಾನ್‌ಹಾಫರ್ ಬದುಕಿನ ಕಥೆ

1945ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನಿಯ ಫ್ಲಾಸೆನ್‌ಬುರ್ಗ್ ಬಂದಿ ಶಿಬಿರದಲ್ಲಿ ಪಾದ್ರಿಯೊಬ್ಬರನ್ನು ಗಲ್ಲಿಗೇರಿಸಲಾಯಿತು. ಅವರ ಹೆಸರು ಡೀಟ್ರಿಕ್ ಬಾನ್‌ಹಾಫರ್, ವಯಸ್ಸು 39. ಎರಡೇ ವಾರಗಳ ನಂತರ, ಏಪ್ರಿಲ್ 23ರಂದು, ಅಮೆರಿಕದ ಸೇನೆ ಆ ಶಿಬಿರವನ್ನು ತಲುಪಿತು. ಹಿಟ್ಲರ್ ವಿರುದ್ಧದ ಸಂಚಿನಲ್ಲಿ ಕೈಜೋಡಿಸಿದ ದೇವಶಾಸ್ತ್ರಜ್ಞ ಎಂದೇ ಇಂದು ಜಗತ್ತು ಅವರನ್ನು ನೆನೆಯುತ್ತದೆ. ಸಿನಿಮಾ, ಪುಸ್ತಕಗಳೆಲ್ಲ ಆ ಸಂಚು, ಸೆರೆಮನೆ, ಗಲ್ಲಿನ ಸುತ್ತಲೇ ತಿರುಗುತ್ತವೆ.

ಆದರೆ ಬಾನ್‌ಹಾಫರ್ ಅವರ ಬದುಕಿನಲ್ಲಿ ಇನ್ನೊಂದು ಎಳೆಯಿದೆ. ಹತ್ತೊಂಬತ್ತನೇ ವಯಸ್ಸಿನಿಂದಲೂ ಅವರು ಬಿಡದೆ ಮಾಡಿಕೊಂಡು ಬಂದ ಕೆಲಸವೆಂದರೆ ಮಕ್ಕಳಿಗೆ, ಹದಿಹರೆಯದವರಿಗೆ ಕ್ರೈಸ್ತ ನಂಬಿಕೆಯನ್ನು ಕಲಿಸುವುದು. ಅದೂ ಎಂಥ ಕಾಲದಲ್ಲಿ? ದೇಶದ ಹದಿನಾಲ್ಕು ವರ್ಷದ ಪ್ರತಿ ಹುಡುಗನೂ ತನ್ನವನೇ ಎಂದು ನಾಜಿ ಪಕ್ಷ ಕೈಚಾಚಿ ನಿಂತಿದ್ದ ಕಾಲದಲ್ಲಿ.

ಬಾನ್‌ಹಾಫರ್ ಹುಟ್ಟಿದ್ದು 1906ರ ಫೆಬ್ರವರಿ 4ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ. ಇಂದು ಅದು ಪೋಲೆಂಡಿನ ವ್ರೊಟ್ಸ್ವಾಫ್. ಎಂಟು ಮಕ್ಕಳಲ್ಲಿ ಅವರು ಆರನೆಯವರು. ಅವರ ಬೆನ್ನಿಗೇ ಹುಟ್ಟಿದ ಅವಳಿ ತಂಗಿ ಸಬೀನೆ. ತಂದೆ ಕಾರ್ಲ್ ಬಾನ್‌ಹಾಫರ್ ಹೆಸರಾಂತ ಮನೋವೈದ್ಯರು. 1912ರಲ್ಲಿ ಬರ್ಲಿನ್‌ನ ಪ್ರಸಿದ್ಧ ಶಾರಿಟೆ ಆಸ್ಪತ್ರೆಗೆ ಬಂದರು. ತಾಯಿ ಪೌಲಾ ಚಿಕ್ಕ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದರು. ಊಟದ ಮುಂಚಿನ ಪ್ರಾರ್ಥನೆ, ಬೈಬಲ್ ಕಥೆ ಎಲ್ಲವೂ ಮನೆಯಲ್ಲಿತ್ತು. ಆದರೆ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕುಟುಂಬವೇನೂ ಅಲ್ಲ. ರಾತ್ರಿ ದೀಪ ಆರಿದ ಮೇಲೆ ಅವಳಿ ಮಕ್ಕಳಿಬ್ಬರೂ ಹಾಸಿಗೆಯಲ್ಲಿ ಮಲಗಿಕೊಂಡು ಸಾವೆಂದರೇನು, ನಿತ್ಯತ್ವ ಎಂದರೆ ಎಷ್ಟು ಉದ್ದ ಎಂದು ಯೋಚಿಸುತ್ತಿದ್ದರಂತೆ.

1918ರಲ್ಲಿ ಅಣ್ಣ ವಾಲ್ಟರ್ ಮೊದಲ ಮಹಾಯುದ್ಧದಲ್ಲಿ ಸತ್ತ. ತಾಯಿ ದುಃಖದಲ್ಲಿ ಹಾಸಿಗೆ ಹಿಡಿದರು. ವಾಲ್ಟರ್‌ಗೆ ದೃಢೀಕರಣದ ದಿನ ಕೊಟ್ಟಿದ್ದ ಬೈಬಲ್ ತಮ್ಮನ ಪಾಲಿಗೆ ಬಂತು. ಅದನ್ನು ಬಾನ್‌ಹಾಫರ್ ಜೀವನವಿಡೀ ಬಳಸಿದರು. ಮುಂದೆ ಪಾದ್ರಿಯಾಗುತ್ತೇನೆ ಎಂದು ಹದಿನಾಲ್ಕರ ವಯಸ್ಸಿನಲ್ಲಿ ಮನೆಯವರಿಗೆ ಹೇಳಿದಾಗ ಅಣ್ಣಂದಿರು ನಕ್ಕರು. ಒಬ್ಬ ಅಣ್ಣ ವಿಜ್ಞಾನದ ದಾರಿ ಹಿಡಿದವನು, ಇನ್ನೊಬ್ಬ ಕಾನೂನಿನ ದಾರಿಯವನು. ಚರ್ಚೆಂಬುದು ಕೈಲಾಗದ, ಸಪ್ಪೆಯಾದ ಸಂಸ್ಥೆ ಎಂಬುದು ಅವರ ವಾದ. ಹಾಗಿದ್ದರೆ ಅದನ್ನು ತಾನೇ ತಿದ್ದುವುದಾಗಿ ತಮ್ಮ ಉತ್ತರ ಕೊಟ್ಟ.

ಮೊದಲ ಭಾನುವಾರ ಬಂದವಳು ಒಬ್ಬಳೇ

ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗಲೇ, 1925ರಲ್ಲಿ, ಗ್ರೂನೆವಾಲ್ಡ್ ಬಡಾವಣೆಯ ಚರ್ಚಿನಲ್ಲಿ ಮಕ್ಕಳ ಆರಾಧನೆಯ ಜವಾಬ್ದಾರಿ ಅವರ ಹೆಗಲಿಗೆ ಬಿತ್ತು. ಬೈಬಲ್ ಕಥೆಗಳನ್ನು ಸಾಹಸ ಕಥೆಗಳಂತೆ ಹೇಳುವ ಕಲೆ ಅವರಿಗಿತ್ತು. ಬೇರೆ ಶಿಕ್ಷಕರ ಗುಂಪಿನ ಮಕ್ಕಳೂ ಎದ್ದು ಇವರ ಗುಂಪಿಗೆ ಬರತೊಡಗಿದರು. ಇದು ಅವರಿಗೆ ಖುಷಿ ಕೊಡುವ ಬದಲು ಮುಜುಗರ ತಂದಿತು. ಮಕ್ಕಳು ಬರುತ್ತಿರುವುದು ದೇವರ ವಾಕ್ಯಕ್ಕೋ, ತನ್ನ ಮಾತಿನ ಮೋಡಿಗೋ ಎಂಬ ಅನುಮಾನ ಅಂದೇ ಶುರುವಾಯಿತು, ಕೊನೆಯವರೆಗೂ ಬಿಡಲಿಲ್ಲ. ದೊಡ್ಡ ಹುಡುಗರಿಗಾಗಿ 1927ರಲ್ಲಿ ಪ್ರತಿ ಗುರುವಾರ ಸಂಜೆ ಒಂದು ಚರ್ಚಾಕೂಟ ನಡೆಸಿದರು. ಅದೇ ವರ್ಷ, 21ನೇ ವಯಸ್ಸಿನಲ್ಲಿ, ಡಾಕ್ಟರೇಟ್ ಪ್ರಬಂಧವನ್ನೂ ಮುಗಿಸಿದರು. ಅದರ ವಿಷಯ, ಸಭೆ ಎಂದರೆ ಏನು ಎಂಬುದು.

1928ರಲ್ಲಿ ಸ್ಪೇನಿನ ಬಾರ್ಸಿಲೋನಾಕ್ಕೆ ಹೋದರು. ಅಲ್ಲಿದ್ದ ಜರ್ಮನ್ ವ್ಯಾಪಾರಿಗಳ ಸಣ್ಣ ಸಭೆಗೆ ಅವರು ಸಹಾಯಕ ಪಾದ್ರಿ. ಮಕ್ಕಳ ಆರಾಧನೆ ಶುರು ಮಾಡುತ್ತೇನೆಂದು ಸಾರಿದ ಮೊದಲ ಭಾನುವಾರ ಬಂದದ್ದು ಒಬ್ಬಳೇ ಹುಡುಗಿ. ಎದೆಗುಂದಲಿಲ್ಲ. ಮುಂದಿನ ವಾರ ಹದಿನೈದು ಮಕ್ಕಳು ಬಂದರು, ಆಮೇಲೆ ಸುಮಾರು ಮೂವತ್ತು.

ಅಲ್ಲಿ ನಡೆದ ಒಂದು ಚಿಕ್ಕ ಘಟನೆ ಹೇಳಲೇಬೇಕು. ಹತ್ತು ವರ್ಷದ ಹುಡುಗನೊಬ್ಬ ಪಾಠಕ್ಕೆಂದು ಬಂದವನು ಬಿಕ್ಕಿಬಿಕ್ಕಿ ಅಳತೊಡಗಿದ. ಅವನ ಮೆಚ್ಚಿನ ನಾಯಿ ಸತ್ತಿತ್ತು. ಅದು ಈಗ ಎಲ್ಲಿದೆ, ಸ್ವರ್ಗದಲ್ಲಿ ಮತ್ತೆ ಸಿಗುತ್ತದೆಯೇ ಎಂಬುದು ಅವನ ಪ್ರಶ್ನೆ. ದೊಡ್ಡವರು ಸಾಮಾನ್ಯವಾಗಿ ಇಂಥ ಪ್ರಶ್ನೆಗೆ ನಕ್ಕು ತಲೆ ಸವರಿ ಕಳಿಸುತ್ತಾರೆ. ದೇವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಬಾನ್‌ಹಾಫರ್ ಆ ಹುಡುಗನ ಎದುರು ತಾವೇ ಚಿಕ್ಕವರಾದಂತೆ ಕುಳಿತರು. ದೇವರು ಮನುಷ್ಯರನ್ನೂ ಪ್ರಾಣಿಗಳನ್ನೂ ಸೃಷ್ಟಿಸಿದವನು, ಪ್ರಾಣಿಗಳನ್ನೂ ಪ್ರೀತಿಸುತ್ತಾನೆ, ಪರಸ್ಪರ ಪ್ರೀತಿಸಿದವರನ್ನು ಅವನು ಒಟ್ಟಿಗೇ ಇಡಬಹುದು, ಆದರೆ ಅದು ಹೇಗೆ ಎಂಬುದು ತನಗೆ ತಿಳಿಯದು ಎಂದು ಹೇಳಿದರು. ಹುಡುಗನ ಮುಖ ಅರಳಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದೆ, ಮಗುವಿನ ದುಃಖವನ್ನು ಸಣ್ಣದು ಮಾಡದೆ ಉತ್ತರಿಸುವುದು ಎಷ್ಟು ಕಷ್ಟ ಎಂಬುದು ಮನೆಯಲ್ಲಿ ಮಕ್ಕಳಿರುವವರಿಗೆ ಗೊತ್ತು.

1930ರಲ್ಲಿ ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೆ ಓದಲು ಹೋದರು. ಅಲ್ಲಿನ ತರಗತಿಗಳಿಗಿಂತ ಹೆಚ್ಚಾಗಿ ಅವರನ್ನು ಸೆಳೆದದ್ದು ಹಾರ್ಲೆಮ್ ಬಡಾವಣೆಯ ಕರಿಯ ಜನರ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚ್. ತಿಂಗಳುಗಟ್ಟಲೆ ಅಲ್ಲಿ ಭಾನುವಾರದ ಶಾಲೆಯಲ್ಲಿ ಹುಡುಗರಿಗೆ ಪಾಠ ಮಾಡಿದರು. ವಾಪಸ್ ಬರುವಾಗ ಅವರ ಪೆಟ್ಟಿಗೆಯಲ್ಲಿ ಅಲ್ಲಿನ ಭಕ್ತಿಗೀತೆಗಳ ಗ್ರಾಮಫೋನ್ ತಟ್ಟೆಗಳಿದ್ದವು.

ಮೆಟ್ಟಿಲ ಮೇಲಿನ ಸ್ವಾಗತ

ಮುಂದಿನ ಕಥೆ ಅರ್ಥವಾಗಲು ಲೂಥರನ್ ಸಭೆಯ ಒಂದು ಪದ್ಧತಿ ತಿಳಿದಿರಬೇಕು. ಅಲ್ಲಿ ಕೂಸುಗಳಿಗೇ ದೀಕ್ಷಾಸ್ನಾನ ಕೊಡುತ್ತಾರೆ. ಬೆಳೆದ ಮೇಲೆ, ಸುಮಾರು ಹದಿನಾಲ್ಕರ ವಯಸ್ಸಿನಲ್ಲಿ, ಮಗು ತಾನೇ ಸಭೆಯ ಮುಂದೆ ನಿಂತು ತನ್ನ ನಂಬಿಕೆಯನ್ನು ಒಪ್ಪಿಕೊಳ್ಳಬೇಕು. ಇದೇ ದೃಢೀಕರಣ, ಅಂದರೆ ಕನ್ಫರ್ಮೇಶನ್. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಪಾಠ. ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವೇ ಅದಕ್ಕೆ ಆಧಾರ. ಬರ್ಲಿನ್‌ನ ಕೂಲಿಕಾರರ ಮಕ್ಕಳಿಗೆ ಅದೇ ವಯಸ್ಸಿಗೆ ಶಾಲೆಯೂ ಮುಗಿಯುತ್ತಿತ್ತು. ಹೊಸ ಸೂಟು ತೊಟ್ಟು ದೃಢೀಕರಣ ಮುಗಿಸಿದ ಹುಡುಗರಲ್ಲಿ ಅನೇಕರು ಮತ್ತೆ ಚರ್ಚಿನ ಕಡೆ ತಲೆ ಹಾಕುತ್ತಿರಲಿಲ್ಲ. ನಂಬಿಕೆಯ ಆರಂಭವಾಗಬೇಕಿದ್ದ ದಿನ ಬೀಳ್ಕೊಡುಗೆ ಸಮಾರಂಭವಾಗಿಬಿಟ್ಟಿತ್ತು.

1931ರ ನವೆಂಬರ್‌ನಲ್ಲಿ ಬಾನ್‌ಹಾಫರ್ ಅವರಿಗೆ ಪಾದ್ರಿ ದೀಕ್ಷೆಯಾಯಿತು. ಅದೇ ಹೊತ್ತಿಗೆ ಉತ್ತರ ಬರ್ಲಿನ್‌ನ ಝಿಯೋನ್ ಚರ್ಚಿನ ದೃಢೀಕರಣ ತರಗತಿ ಅವರ ಪಾಲಿಗೆ ಬಂತು. ಸುಮಾರು ಐವತ್ತು ಹುಡುಗರು. ಸುತ್ತಲೂ ಒತ್ತೊತ್ತಾದ ವಠಾರಗಳು, ಕೆಲಸವಿಲ್ಲದ ಅಪ್ಪಂದಿರು. 1932ರ ಆರಂಭದಲ್ಲಿ ಜರ್ಮನಿಯ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷ ಮುಟ್ಟಿತ್ತು. ತರಗತಿ ನಡೆಸುತ್ತಿದ್ದ ವಯಸ್ಸಾದ ಪಾದ್ರಿ ಹುಡುಗರ ಕಾಟಕ್ಕೆ ಸೋತು ಹೋಗಿದ್ದರು.

ಮೊದಲ ದಿನ ಆ ಹಿರಿಯ ಪಾದ್ರಿಯೇ ಬಾನ್‌ಹಾಫರ್ ಅವರನ್ನು ಕರೆದುಕೊಂಡು ಶಾಲೆಯ ಮೆಟ್ಟಿಲು ಹತ್ತಿದರು. ಮೇಲಿನ ಮಹಡಿಗಳ ಕಟಕಟೆಗೆ ಜೋತುಬಿದ್ದ ಹುಡುಗರು ಇಬ್ಬರ ತಲೆಯ ಮೇಲೂ ಕಸಕಡ್ಡಿ ಎಸೆದು, ಕಿವಿಗಡಚಿಕ್ಕುವಂತೆ ಕೂಗು ಹಾಕಿದರು. ಅವರನ್ನು ಹೇಗೋ ಕೋಣೆಗೆ ತಳ್ಳಿ, ಹೊಸ ಪಾದ್ರಿಯ ಹೆಸರು ಹೇಳಿದ್ದೇ ತಡ, ಹೆಸರಿನ ಮೊದಲ ತುಣುಕನ್ನೇ ಹಿಡಿದು ಇನ್ನಷ್ಟು ಗದ್ದಲ. ಹಿರಿಯರು ಹತಾಶರಾಗಿ ಹೊರಟುಹೋದರು.

25 ವರ್ಷದ ಬಾನ್‌ಹಾಫರ್ ಜೇಬಿನಲ್ಲಿ ಕೈ ಇಟ್ಟುಕೊಂಡು ಗೋಡೆಗೆ ಒರಗಿ ಸುಮ್ಮನೆ ನಿಂತರು. ನಿಮಿಷಗಳು ಉರುಳಿದವು. ಎದುರಾಳಿ ರೇಗದಿದ್ದರೆ ಪುಂಡಾಟ ಬೇಸರವಾಗುತ್ತದೆ. ಆಗ ಅವರು ಮೆಲ್ಲಗೆ, ಮುಂದಿನ ಸಾಲಿನವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ಮಾತು ಶುರು ಮಾಡಿದರು. ಹಾರ್ಲೆಮ್‌ನ ಕಥೆ ಅದು. ಅಮೆರಿಕದ ಕಥೆ ಎಂದ ಕೂಡಲೇ ಹಿಂದಿನ ಸಾಲಿನವರಿಗೆ ಕುತೂಹಲ. ಕೇಳಬೇಕಾದರೆ ಬಾಯಿ ಮುಚ್ಚಬೇಕಿತ್ತು. ಗಮನವಿಟ್ಟು ಕೇಳಿದರೆ ಮುಂದಿನ ಸಲ ಇನ್ನಷ್ಟು ಹೇಳುವುದಾಗಿ ಮಾತು ಕೊಟ್ಟು ಅಂದಿನ ತರಗತಿ ಮುಗಿಸಿದರು. ಆಮೇಲೆ ಶಿಸ್ತಿನ ಸಮಸ್ಯೆ ಬರಲಿಲ್ಲ. ಕೆಲವೇ ವಾರಗಳಲ್ಲಿ ಆ ಹಿರಿಯ ಪಾದ್ರಿ ತೀರಿಕೊಂಡರು. ಆ ಸಾವಿನಲ್ಲಿ ಹುಡುಗರ ಕಾಟದ ಪಾಲೂ ಇತ್ತು ಎಂದು ಬಾನ್‌ಹಾಫರ್ ಗಟ್ಟಿಯಾಗಿ ನಂಬಿದ್ದರು.

ಮಾತಿನ ಜಾಣ್ಮೆಯಿಂದ ಒಂದು ತರಗತಿ ಗೆಲ್ಲಬಹುದು, ಒಂದು ವರ್ಷವನ್ನಲ್ಲ. 1932ರ ಜನವರಿಯಲ್ಲಿ ಬಾನ್‌ಹಾಫರ್ ಅಪ್ಪನ ಮನೆ ಬಿಟ್ಟು, ಆ ಹುಡುಗರ ನಡುವೆಯೇ, ಓಡರ್‌ಬರ್ಗರ್ ಬೀದಿಯಲ್ಲಿ ಬೇಕರಿಯವರೊಬ್ಬರ ಮನೆಯಲ್ಲಿ ಕೋಣೆ ಬಾಡಿಗೆಗೆ ಹಿಡಿದರು. ತಾವು ಮನೆಯಲ್ಲಿ ಇಲ್ಲದಿದ್ದರೂ ಹುಡುಗರು ಬಂದರೆ ಒಳಗೆ ಬಿಡಬೇಕೆಂದು ಮನೆಯೊಡತಿಗೆ ಹೇಳಿದ್ದರು. ಸಂಜೆ ಹುಡುಗರು ಬರುತ್ತಿದ್ದರು. ಊಟ, ಚದುರಂಗ, ಬೇಕೆಂದವರಿಗೆ ಇಂಗ್ಲಿಷ್ ಪಾಠ, ಕೊನೆಗೆ ಸ್ವಲ್ಪ ಪ್ರಶ್ನೋತ್ತರ. ಒಬ್ಬ ಹುಡುಗ ಆಸ್ಪತ್ರೆ ಸೇರಿದಾಗ ವಾರಕ್ಕೆ ಎರಡು ಮೂರು ಸಲ ಹೋಗಿ ನೋಡಿ ಬರುತ್ತಿದ್ದರು. ಹುಡುಗರ ಮನೆಗಳಿಗೂ ಹೋದರು. ಆದರೆ ಆ ಭೇಟಿಗಳು ಅವರಿಗೆ ತುಂಬ ಕಷ್ಟವಾಗುತ್ತಿದ್ದವು. ಕೆಲಸ ಕಳೆದುಕೊಂಡ ಅಪ್ಪನ ಮುಂದೆ ಕುಳಿತು ಏನು ಹೇಳಬೇಕೆಂದು ಇಷ್ಟು ವರ್ಷಗಳ ದೇವಶಾಸ್ತ್ರ ಕಲಿಸಿಲ್ಲ ಎಂಬ ಸಂಕಟವನ್ನು ಗೆಳೆಯರಿಗೆ ಬರೆದ ಪತ್ರದಲ್ಲಿ ತೋಡಿಕೊಂಡರು. ಅದಕ್ಕೆ ಮುಂಚಿನ ವರ್ಷವೇ ಗೆಳೆಯ ಫ್ರಾಂಜ್ ಹಿಲ್ಡೆಬ್ರಾಂಟ್ ಜತೆ ಸೇರಿ ಹೊಸದೊಂದು ಲೂಥರನ್ ಪ್ರಶ್ನೋತ್ತರ ಪಾಠವನ್ನು ಅವರು ಬರೆದಿದ್ದರು. ವಠಾರದ ಮೆಟ್ಟಿಲು ಹತ್ತಿದ ಮೇಲೆ ಕಲಿತದ್ದು ಬೇರೆಯೇ ಪಾಠ.

ದೃಢೀಕರಣದ ದಿನ ಹತ್ತಿರ ಬಂದಾಗ ಇನ್ನೊಂದು ಚಿಂತೆ. ಅನೇಕ ಹುಡುಗರಿಗೆ ಹೊಸ ಸೂಟು ಹೊಲಿಸುವ ಶಕ್ತಿ ಇರಲಿಲ್ಲ. ಬಾನ್‌ಹಾಫರ್ ದೊಡ್ಡದೊಂದು ಬಟ್ಟೆಯ ಥಾನನ್ನೇ ಕೊಂಡು ತಂದು ಹಂಚಿದರು. ಸಮಾರಂಭ ನಡೆದದ್ದು 1932ರ ಮಾರ್ಚ್ 13ರಂದು. ಅಂದೇ ಜರ್ಮನಿಯಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು, ಹಿಂಡೆನ್‌ಬರ್ಗ್ ಎದುರು ಹಿಟ್ಲರ್. ಬೀದಿಯಲ್ಲಿ ಧ್ವಜ, ಘೋಷಣೆ, ಹೊಡೆದಾಟದ ಭೀತಿ. ಒಳಗೆ ಒಂದೇ ಥಾನಿನ ಬಟ್ಟೆ ತೊಟ್ಟ ಹುಡುಗರ ಸಾಲು.

ಈಸ್ಟರ್ ರಜೆಯಲ್ಲಿ ಕೆಲವು ಹುಡುಗರನ್ನು ಹಾರ್ಟ್ಸ್ ಬೆಟ್ಟಗಳಲ್ಲಿದ್ದ ತಮ್ಮ ಕುಟುಂಬದ ರಜಾಮನೆಗೆ ಕರೆದೊಯ್ದರು. ಪ್ರಕೃತಿ ಸೌಂದರ್ಯ ಹುಡುಗರಿಗೆ ಅಷ್ಟಾಗಿ ಹಿಡಿಸಲಿಲ್ಲ, ಬಂಡೆ ಹತ್ತುವುದು ಮತ್ತು ಫುಟ್‌ಬಾಲ್ ಹಿಡಿಸಿತು. ಒಂದು ಕಿಟಕಿ ಗಾಜು ಒಡೆದದ್ದು ಬಿಟ್ಟರೆ ಮನೆಗೆ ಏನೂ ಆಗಿಲ್ಲ, ಮನೆ ನೋಡಿಕೊಳ್ಳುವ ಹೆಂಗಸಿಗೆ ಮಾತ್ರ ಈ ಬಡ ಹುಡುಗರ ದಂಡು ಸರಿಕಾಣಲಿಲ್ಲ ಎಂದು ಅಪ್ಪ ಅಮ್ಮನಿಗೆ ಪತ್ರ ಬರೆದರು. ಬಳಿಕ ಬರ್ಲಿನ್‌ನ ಉತ್ತರಕ್ಕೆ ಬೀಸೆಂಥಾಲ್ ಎಂಬಲ್ಲಿ ಒಂದಿಷ್ಟು ಜಾಗ, ಒಂದು ಮರದ ಗುಡಿಸಲು ಮಾಡಿಕೊಂಡರು. ದೃಢೀಕರಣ ಮುಗಿದ ಮೇಲೂ ಹುಡುಗರು ವಾರಾಂತ್ಯಕ್ಕೆ ಬರಲು ಒಂದು ಜಾಗ ಬೇಕು ಎಂಬುದಷ್ಟೇ ಅದರ ಉದ್ದೇಶ. ಆ ವರ್ಷದ ಕೊನೆಗೆ ಶಾರ್ಲಾಟೆನ್‌ಬುರ್ಗ್‌ನಲ್ಲಿ ಕೆಲಸವಿಲ್ಲದ ಯುವಕರಿಗಾಗಿ ಒಂದು ಕೂಡುತಾಣ ತೆರೆದರು. ಕಮ್ಯುನಿಸ್ಟ್ ಹುಡುಗರೂ ಅಲ್ಲಿಗೆ ಬರುತ್ತಿದ್ದರು, ಯಾರನ್ನೂ ತಡೆಯಲಿಲ್ಲ.

ಯೌವನವನ್ನು ಹೊಗಳದ ಗುರು

1933ರ ಜನವರಿ 30ರಂದು ಹಿಟ್ಲರ್ ಚಾನ್ಸೆಲರ್ ಆದ. ಎರಡೇ ದಿನಗಳ ನಂತರ, ಫೆಬ್ರವರಿ 1ರಂದು, ಬರ್ಲಿನ್ ರೇಡಿಯೋದಲ್ಲಿ ಬಾನ್‌ಹಾಫರ್ ಭಾಷಣ ಮೊದಲೇ ನಿಗದಿಯಾಗಿತ್ತು. ವಿಷಯ, ಯುವ ಪೀಳಿಗೆ ಮತ್ತು ನಾಯಕನ ಕಲ್ಪನೆ. ಹಿಂಬಾಲಕರ ಆಸೆಗಳಿಗೆ ತಲೆಬಾಗಿ, ತನ್ನನ್ನೇ ಅವರ ಆರಾಧ್ಯ ಮೂರ್ತಿಯನ್ನಾಗಿ ಮಾಡಿಕೊಳ್ಳುವ ನಾಯಕ ಕೊನೆಗೆ ದಾರಿ ತಪ್ಪಿಸುವವನಾಗುತ್ತಾನೆ ಎಂಬುದು ಅವರ ವಾದದ ತಿರುಳು. ಭಾಷಣ ಮುಗಿಯುವ ಮುನ್ನವೇ ಪ್ರಸಾರ ನಿಂತುಹೋಯಿತು. ಕೇಳುಗರಿಗೆ ಕೊನೆಯ ಎಚ್ಚರಿಕೆಯೇ ತಲುಪದೆ ತಪ್ಪು ಅರ್ಥವಾಗಬಾರದೆಂದು ಅವರು ಪೂರ್ತಿ ಪಾಠವನ್ನು ಪ್ರತಿ ಮಾಡಿಸಿ ಪರಿಚಿತರಿಗೆ ಕಳಿಸಿದರು.

ಕೂಡುತಾಣಕ್ಕೆ ಬೀಗ ಬಿತ್ತು. ಬೆನ್ನುಹತ್ತಿದ ನಾಜಿ ಪಡೆಗಳಿಂದ ತಪ್ಪಿಸಿಕೊಳ್ಳಲು ಅಲ್ಲಿನ ಕೆಲವು ಕಮ್ಯುನಿಸ್ಟ್ ಹುಡುಗರಿಗೆ ಬೀಸೆಂಥಾಲ್‌ನ ಗುಡಿಸಲೇ ಆಸರೆಯಾಯಿತು. ಆ ವರ್ಷದ ಡಿಸೆಂಬರ್‌ನಲ್ಲಿ, ಹಿಟ್ಲರ್‌ಗೆ ಬೇಕಾದವರಾಗಿದ್ದ ಬಿಷಪ್ ಲುಡ್ವಿಗ್ ಮ್ಯೂಲರ್ ಒಂದು ಒಪ್ಪಂದಕ್ಕೆ ಸಹಿ ಹಾಕಿ, ಪ್ರಾಟೆಸ್ಟೆಂಟ್ ಚರ್ಚಿನ ಯುವ ಸಂಘಗಳ ಲಕ್ಷಾಂತರ ಮಕ್ಕಳನ್ನು ಹಿಟ್ಲರ್ ಯೂತ್ ಸಂಘಟನೆಗೆ ಒಪ್ಪಿಸಿಬಿಟ್ಟರು. ಸಮವಸ್ತ್ರ, ಡೋಲು, ಬೆಂಕಿಯ ಸುತ್ತ ಹಾಡು, ನಾಳಿನ ಜರ್ಮನಿ ನಿಮ್ಮದೇ ಎಂಬ ಹೊಗಳಿಕೆ. ಹದಿನಾಲ್ಕರ ಹುಡುಗನಿಗೆ ಇನ್ನೇನು ಬೇಕು?

ಚರ್ಚಿನೊಳಗೂ ಅನೇಕರು ಅದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ಯುವಜನರೇ ಸಭೆಯ ಭವಿಷ್ಯ, ಅವರ ಉತ್ಸಾಹವೇ ಪವಿತ್ರಾತ್ಮ ಎಂಬ ಭಾವ. ಬಾನ್‌ಹಾಫರ್ ಇದನ್ನು ಒಪ್ಪಲಿಲ್ಲ. ಯುವ ಸೇವೆಯ ಬಗ್ಗೆ ಆ ವರ್ಷಗಳಲ್ಲಿ ಅವರು ಬರೆದ ಎಂಟು ಸೂತ್ರಗಳು ಇಂದಿಗೂ ಓದಿದವರನ್ನು ತುಸು ಬೆಚ್ಚಿಬೀಳಿಸುತ್ತವೆ. ಸಭೆಯ ಭವಿಷ್ಯ ಕ್ರಿಸ್ತನೇ ಹೊರತು ಯೌವನವಲ್ಲ. ಚಿಕ್ಕ ವಯಸ್ಸಿನವರು ಎಂಬ ಕಾರಣಕ್ಕೆ ಸಭೆಯಲ್ಲಿ ಯಾರಿಗೂ ವಿಶೇಷ ಹಕ್ಕಿಲ್ಲ. ಸಭೆಯನ್ನು ಬದಲಿಸುವುದಕ್ಕಿಂತ ಮುಂಚೆ ದೇವರ ವಾಕ್ಯವನ್ನು ಕೇಳುವುದು ಅವರ ಕೆಲಸ, ಎಲ್ಲ ವಯಸ್ಸಿನವರ ಕೆಲಸವೂ ಅದೇ. ಮೇಲ್ನೋಟಕ್ಕೆ ಇದು ಹಳೆಕಾಲದ ಬಿಗಿ ಮನುಷ್ಯನ ಮಾತಿನಂತೆ ಕಾಣುತ್ತದೆ. ಆದರೆ ಬರೆದವರು ಹುಡುಗರಿಗಾಗಿ ವಠಾರದಲ್ಲಿ ಕೋಣೆ ಹಿಡಿದವರು. ಹೊಗಳಿ ಹುಡುಗರನ್ನು ಸೆಳೆಯುವುದರಲ್ಲಿ ನಾಜಿಗಳ ಜತೆ ಪೈಪೋಟಿಗೆ ಇಳಿದರೆ ಚರ್ಚು ಸೋಲುತ್ತದೆ, ಗೆದ್ದರೆ ಇನ್ನೂ ಕೆಟ್ಟದ್ದು ಎಂಬ ಅರಿವು ಅವರಿಗಿತ್ತು. ಗ್ರೂನೆವಾಲ್ಡ್‌ನ ಆ ಹಳೆಯ ಅನುಮಾನ ಇಲ್ಲಿ ಸಿದ್ಧಾಂತವಾಗಿ ನಿಂತಿದೆ.

1933ರ ಅಕ್ಟೋಬರ್‌ನಿಂದ ಲಂಡನ್‌ನ ಎರಡು ಜರ್ಮನ್ ಸಭೆಗಳಿಗೆ ಪಾದ್ರಿಯಾದರು. ಚರ್ಚುಗಳ ಮೂಲಕ ದೇಶಗಳ ನಡುವೆ ಸ್ನೇಹ ಬೆಳೆಸುವ ಅಂತಾರಾಷ್ಟ್ರೀಯ ಒಕ್ಕೂಟದ ಯುವ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿಯೂ ಓಡಾಡುತ್ತಿದ್ದರು. ಆಗಲೇ ಅವರ ಕಣ್ಣು ಭಾರತದತ್ತ ಹೊರಳಿತ್ತು. ಆಯುಧವಿಲ್ಲದೆ ಎದುರಿಸುವುದು ಹೇಗೆ, ಪ್ರಾರ್ಥನೆ ಮತ್ತು ಶಿಸ್ತಿನಿಂದ ಕೂಡಿದ ಆಶ್ರಮದ ಬದುಕು ಹೇಗಿರುತ್ತದೆ ಎಂಬುದನ್ನು ಗಾಂಧೀಜಿ ಬಳಿಯೇ ಇದ್ದು ಕಲಿಯುವ ಆಸೆ. 1934ರಲ್ಲಿ ಗಾಂಧೀಜಿಗೆ ಪತ್ರ ಬರೆದರು. ನವೆಂಬರ್ 1ರ ದಿನಾಂಕದ ಗಾಂಧೀಜಿ ಉತ್ತರದಲ್ಲಿ ಬರಲು ಆಹ್ವಾನವಿತ್ತು. ಆದರೆ ಅಷ್ಟರಲ್ಲಿ ಜರ್ಮನಿಯಿಂದ ಕರೆ ಬಂತು. ಹಿಟ್ಲರ್ ಹಿಡಿತವನ್ನು ಒಪ್ಪದ ಕನ್ಫೆಸಿಂಗ್ ಚರ್ಚ್ ತನ್ನ ಯುವ ಪಾದ್ರಿಗಳಿಗೆ ತರಬೇತಿ ಕೊಡಲು ಗುರುವನ್ನು ಹುಡುಕುತ್ತಿತ್ತು. ಬಾನ್‌ಹಾಫರ್ ಭಾರತಕ್ಕೆ ಬರಲೇ ಇಲ್ಲ.

ಫಿಂಕೆನ್‌ವಾಲ್ಡೆ ಮತ್ತು ನಂತರ

1935ರಲ್ಲಿ ಬಾಲ್ಟಿಕ್ ತೀರದ ಬಳಿ, ಫಿಂಕೆನ್‌ವಾಲ್ಡೆ ಎಂಬಲ್ಲಿ ಆ ತರಬೇತಿ ಶಾಲೆ ನೆಲೆಗೊಂಡಿತು. ಒಂದೊಂದು ತಂಡದಲ್ಲಿ ಇಪ್ಪತ್ತೈದರಷ್ಟು ಯುವಕರು. ನಾಳೆ ಊರೂರಲ್ಲಿ ದೃಢೀಕರಣ ತರಗತಿ ನಡೆಸಬೇಕಾದವರು ಇವರೇ. ದಿನದ ಆರಂಭ, ಅಂತ್ಯ ಎರಡೂ ಪ್ರಾರ್ಥನೆಯಿಂದ. ಪ್ರತಿದಿನ ಅರ್ಧ ಗಂಟೆ ಬೈಬಲಿನ ಒಂದೇ ಭಾಗದ ಮೇಲೆ ಮೌನ ಧ್ಯಾನ. ಎದುರಿಗಿಲ್ಲದವರ ಬಗ್ಗೆ ಮಾತಾಡಬಾರದು ಎಂಬುದೊಂದು ನಿಯಮ. ಪಾಲಿಸಲು ಅದೇ ಎಲ್ಲಕ್ಕಿಂತ ಕಷ್ಟದ್ದು. ಒಮ್ಮೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಬನ್ನಿ ಎಂದಾಗ ಯಾರೂ ಏಳಲಿಲ್ಲ. ಬಾನ್‌ಹಾಫರ್ ಮಾತಾಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಪಾತ್ರೆಗಳನ್ನೂ ತಾವೇ ತೊಳೆದರು. ನಾಚಿಕೊಂಡು ಓಡಿಬಂದವರಿಗೆ ಬಾಗಿಲು ತೆರೆಯಲಿಲ್ಲ. ಸಂಜೆಗಳಲ್ಲಿ ಹಾರ್ಲೆಮ್‌ನ ಗ್ರಾಮಫೋನ್ ತಟ್ಟೆಗಳು ತಿರುಗುತ್ತಿದ್ದವು.

1937ರಲ್ಲಿ ಗೆಸ್ಟಾಪೊ ಆ ಶಾಲೆಯನ್ನು ಮುಚ್ಚಿತು. ವರ್ಷಾಂತ್ಯದ ಹೊತ್ತಿಗೆ ಅಲ್ಲಿ ಕಲಿತ 27 ಮಂದಿ ಜೈಲು ಕಂಡಿದ್ದರು. ಅದೇ ವರ್ಷ ಬಾನ್‌ಹಾಫರ್ ಅವರ ಶಿಷ್ಯತ್ವ ಕುರಿತ ಪುಸ್ತಕ ಪ್ರಕಟವಾಯಿತು. ಬೆಲೆ ತೆರದೆ ಸಿಗುವ ಕೃಪೆ ಅಗ್ಗದ ಸರಕು ಎಂಬ ಅದರ ವಿಚಾರ ಇಂದು ಜಗತ್ಪ್ರಸಿದ್ಧ.

1938ರ ಏಪ್ರಿಲ್‌ನಲ್ಲಿ ಪೊಮೆರೇನಿಯಾದ ಕೀಕೋವ್ ಹಳ್ಳಿಯಲ್ಲಿ ಪರಿಚಿತ ಕುಟುಂಬದ ಮೂರು ಮಕ್ಕಳಿಗೆ ದೃಢೀಕರಣ ಮಾಡಿಸಿದರು. ನಂಬಿಕೆ ಒಮ್ಮೆ ಸಿಕ್ಕಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ, ಆಯಾ ದಿನದ ರೊಟ್ಟಿಯಂತೆ ಆಯಾ ದಿನವೇ ಬೇಡಿ ಪಡೆಯಬೇಕಾದದ್ದು ಎಂಬುದು ಅಂದಿನ ಪ್ರಸಂಗದ ಸಾರ. ಆ ಮೂವರಲ್ಲಿ ಒಬ್ಬನಾದ ಮ್ಯಾಕ್ಸ್ ಫಾನ್ ವೇಡೆಮೆಯರ್ 1942ರ ಅಕ್ಟೋಬರ್‌ನಲ್ಲಿ ಪೂರ್ವ ರಣರಂಗದಲ್ಲಿ ಸತ್ತ. ಅವನ ತಂಗಿ ಮರಿಯಾಳನ್ನೂ ಆ ತರಗತಿಗೆ ಸೇರಿಸಿಕೊಳ್ಳಿ ಎಂದು ಅಜ್ಜಿ ಕೇಳಿದ್ದರು. ಇನ್ನೂ ಚಿಕ್ಕವಳು ಎಂದು ಬಾನ್‌ಹಾಫರ್ ಒಪ್ಪಿರಲಿಲ್ಲ. 1943ರ ಜನವರಿಯಲ್ಲಿ ಅದೇ ಮರಿಯಾ ಜತೆ ಅವರ ವಿವಾಹ ನಿಶ್ಚಯವಾಯಿತು. ಮದುವೆ ನಡೆಯಲೇ ಇಲ್ಲ. ಫಿಂಕೆನ್‌ವಾಲ್ಡೆಯ ಹುಡುಗರಲ್ಲೂ ಒಬ್ಬೊಬ್ಬರೇ ಯುದ್ಧದಲ್ಲಿ ಬಿದ್ದರು. ಉಳಿದವರಿಗೆ ಬರೆಯುತ್ತಿದ್ದ ಸುತ್ತೋಲೆ ಪತ್ರಗಳಲ್ಲಿ ಸತ್ತವರ ಹೆಸರು ಸೇರುತ್ತಲೇ ಹೋಯಿತು. ಝಿಯೋನ್ ಚರ್ಚಿನಲ್ಲಿ ಹೊಸ ಸೂಟು ತೊಟ್ಟು ನಿಂತಿದ್ದವರಿಗೆ ಯುದ್ಧ ಶುರುವಾದಾಗ ಇಪ್ಪತ್ತೊಂದರ ಆಸುಪಾಸು, ಸೇನೆಗೆ ಎಳೆದೊಯ್ಯುವ ವಯಸ್ಸು.

1939ರ ಜೂನ್‌ನಲ್ಲಿ ಗೆಳೆಯರು ಅವರನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಸುರಕ್ಷಿತವಾಗಿ ಉಳಿಯಬಹುದಿತ್ತು. ಜರ್ಮನಿಯ ಕಷ್ಟದಲ್ಲಿ ಪಾಲು ಪಡೆಯದವನಿಗೆ ನಾಳೆ ಅದನ್ನು ಕಟ್ಟುವ ಕೆಲಸದಲ್ಲೂ ಪಾಲಿಲ್ಲ ಎಂದು ಬಗೆದು ಮರುತಿಂಗಳೇ ಹಿಂದಿರುಗಿದರು. ಭಾವ ಹಾನ್ಸ್ ಫಾನ್ ಡೊಹ್ನಾನಿ ಮೂಲಕ ಸೇನಾ ಗುಪ್ತಚರ ವಿಭಾಗದೊಳಗಿನ ಹಿಟ್ಲರ್ ವಿರೋಧಿಗಳ ಜತೆ ಸೇರಿದರು. 1943ರ ಏಪ್ರಿಲ್ 5ರಂದು ಬಂಧನವಾಯಿತು.

ಬರ್ಲಿನ್‌ನ ಟೇಗೆಲ್ ಜೈಲಿನಿಂದ ಫಿಂಕೆನ್‌ವಾಲ್ಡೆಯ ಹಳೆಯ ಶಿಷ್ಯ, ಆಪ್ತ ಗೆಳೆಯ ಎಬರ್‌ಹಾರ್ಡ್ ಬೆಥ್ಗೆಗೆ ಗುಟ್ಟಾಗಿ ಪತ್ರಗಳು ಹೋಗುತ್ತಿದ್ದವು. 1944ರ ಮೇ ತಿಂಗಳಲ್ಲಿ ಬೆಥ್ಗೆ ಅವರ ಕೂಸಿಗೆ ದೀಕ್ಷಾಸ್ನಾನ. ಕೂಸಿಗೆ ಇಟ್ಟದ್ದು ಬಾನ್‌ಹಾಫರ್ ಅವರದೇ ಹೆಸರು. ಸಮಾರಂಭಕ್ಕೆ ಹೋಗಲಾಗದ ಅವರು ಮಗು ದೊಡ್ಡವನಾದ ಮೇಲೆ ಓದಲೆಂದು ದೀರ್ಘ ಬರಹವೊಂದನ್ನು ಕಳಿಸಿದರು. ತನ್ನನ್ನು ಉಳಿಸಿಕೊಳ್ಳುವುದಕ್ಕಷ್ಟೇ ಹೋರಾಡಿದ ಚರ್ಚು ಜಗತ್ತಿಗೆ ಹೇಳುವ ಮಾತಿನ ಶಕ್ತಿ ಕಳೆದುಕೊಂಡಿದೆ, ಇನ್ನು ಕ್ರೈಸ್ತರಾಗಿರುವುದೆಂದರೆ ಪ್ರಾರ್ಥನೆ ಮತ್ತು ಜನರ ನಡುವೆ ನ್ಯಾಯದ ಕೆಲಸ ಇವೆರಡೇ ಎಂದು ಮಾತೂ ಬಾರದ ಆ ಮಗುವಿಗೆ ಬಿಚ್ಚಿ ಹೇಳಿದರು.

1944ರ ಜುಲೈ 20ರಂದು ಹಿಟ್ಲರ್ ಹತ್ಯೆಯ ಯತ್ನ ವಿಫಲವಾದ ಮೇಲೆ ಸಂಚಿನ ಕಡತಗಳು ಗೆಸ್ಟಾಪೊ ಕೈಸೇರಿದವು. ಫೆಬ್ರವರಿಯಲ್ಲಿ ಅವರನ್ನು ಬೂಕೆನ್‌ವಾಲ್ಡ್ ಶಿಬಿರಕ್ಕೂ ಏಪ್ರಿಲ್‌ನಲ್ಲಿ ಅಲ್ಲಿಂದ ಶೋನ್‌ಬೆರ್ಗ್ ಹಳ್ಳಿಗೂ ಸಾಗಿಸಿದರು. 1945ರ ಏಪ್ರಿಲ್ 8, ಭಾನುವಾರ, ಆ ಹಳ್ಳಿಯ ಶಾಲೆಯ ಕೋಣೆಯೊಂದರಲ್ಲಿ ಸಹಕೈದಿಗಳ ಕೋರಿಕೆಯಂತೆ ಆರಾಧನೆ ನಡೆಸಿದರು. ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ನಿಂತು ಹೆಸರು ಕೂಗಿದರು. ಮರುದಿನ ನಸುಕಿನಲ್ಲಿ ಗಲ್ಲು.

ಬರ್ಲಿನ್‌ನಲ್ಲಿದ್ದ ಅಪ್ಪ ಅಮ್ಮನಿಗೆ ಮಗನ ಸಾವು ಖಚಿತವಾದದ್ದು ಜುಲೈ 27ರಂದು. ಲಂಡನ್‌ನ ಚರ್ಚೊಂದರಲ್ಲಿ ನಡೆದ ಶ್ರದ್ಧಾಂಜಲಿ ಪ್ರಾರ್ಥನೆಯನ್ನು ಬಿಬಿಸಿ ಪ್ರಸಾರ ಮಾಡಿತು. ಅವರು ಅದನ್ನು ರೇಡಿಯೋದಲ್ಲಿ ಕೇಳಿದರು. ಟೇಗೆಲ್‌ನಿಂದ ಬಂದ ಪತ್ರಗಳನ್ನು ಬೆಥ್ಗೆ ಜೋಪಾನ ಮಾಡಿದ್ದರು. 1951ರಲ್ಲಿ ಅವು ಪುಸ್ತಕವಾಗಿ ಹೊರಬಂದವು.